ಸೂಜಿಯಜ್ಜಿ ಹಾಕಿದ ಮೊದಲ ಹೊಲಿಗೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಹಸಿ ಆರಿರಲಿಲ್ಲ, ಹೊಳೆಗೆ ಯಾವ ಕಡೆ ಹರಿಯಬೇಕೆಂದೇ ಗೊತ್ತಿರಲಿಲ್ಲ. ಆಗ ಹುಟ್ಟುತ್ತಿದ್ದ ಮರಿಗಳಿಗೆಲ್ಲ ಮೂಗೇನೋ ಇತ್ತು, ಮೂಗಿಗೆ ಬುದ್ಧಿ ಇರಲಿಲ್ಲ. ಯಾವ ವಾಸನೆ ಬಂದರೂ, "ಅರೆ, ಇದೇನಿದು? ನೋಡೇ ಬಿಡೋಣ!" ಅಂತ ಹೊರಟುಬಿಡುತ್ತಿದ್ದವು.

ಜೋಳವ್ವ ಎಂಬ ಇಲಿಯ ಮರಿಗಳೂ ಹಾಗೇ ಹೊರಟವು. ಬಿಲದ ಬಾಯಿಗೆ ಬೆಚ್ಚನೆಯ ವಾಸನೆಯೊಂದು ಬಂದಿತ್ತು. ಅದು ಕೆನೆಯಕ್ಕ ಎಂಬ ಬೆಕ್ಕಿನ ವಾಸನೆ. ಪಾಪ, ಅವಕ್ಕೇನು ಗೊತ್ತು! ಸಾಲಾಗಿ ಹೋದವು, ಒಂದೂ ತಿರುಗಿ ಬರಲಿಲ್ಲ. ಕಾಳು ತರಲು ಹೋಗಿದ್ದ ಜೋಳವ್ವ ಬಂದು ನೋಡಿದರೆ ಗೂಡು ಖಾಲಿ. ಎದೆ ಬಡಿದುಕೊಂಡು ಅತ್ತಳು.

ಮತ್ತೆ ಬಸುರಾದಳು. ಈ ಸಲ ಸಂತೋಷಕ್ಕಿಂತ ಭಯವೇ ಹೆಚ್ಚು.

"ಗಾಳಿಯಣ್ಣಾ, ಬೆಕ್ಕಿನ ವಾಸನೆ ಇಂಥದ್ದು ಅಂತ ನನ್ನ ಮಕ್ಕಳಿಗೆ ಮೊದಲೇ ಹೇಳಿಕೊಡೋರು ಯಾರಾದರೂ ಇದ್ದಾರಾ?"

"ನಾನು ವಾಸನೆ ಹೊತ್ತು ತಿರುಗೋನು ತಾಯೀ, ಪಾಠ ಹೇಳೋನಲ್ಲ," ಅಂದಿತು ಗಾಳಿ. "ಸೂಜಿಯಜ್ಜಿ ಹತ್ತಿರ ಹೋಗು. ಹೊಟ್ಟೆಯಲ್ಲಿರೋ ಮರಿಗಳ ತಲೆಯೊಳಗನ್ನೆಲ್ಲ ಹೊಲಿಯೋಳು ಅವಳೇ."

ಜೋಳವ್ವ ಹೋದಾಗ ಸೂಜಿಯಜ್ಜಿ ಹುಣಸೆ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಅವಳ ಸೂಜಿ ಎಷ್ಟು ಸಣ್ಣದೆಂದರೆ ಹೊಟ್ಟೆಯೊಳಗೆ ಹೋಗಿ ಬಂದರೂ ತಾಯಿಗೆ ತಿಳಿಯುತ್ತಿರಲಿಲ್ಲ. ಚಿಂದಿಗೆ ಚಿಂದಿ ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ ಪುಟ್ಟ ತಲೆಗಳ ಒಳಗೆ ಎಳೆಗೆ ಎಳೆ ಸೇರಿಸುತ್ತಿದ್ದಳು. ಕಣ್ಣಿನ ಎಳೆ, ಕಿವಿಯ ಎಳೆ ಎಲ್ಲ ಬಿಗಿಯಾಗಿ ಕಟ್ಟುತ್ತಿದ್ದಳು. ಮೂಗಿನ ಎಳೆ ಮಾತ್ರ ಜೋತಾಡುತ್ತಿತ್ತು.

"ಅದನ್ನು ಯಾಕಜ್ಜೀ ಹಾಗೇ ಬಿಟ್ಟಿದ್ದೀಯ?"

"ಹುಟ್ಟಿದ ಮೇಲೆ ತಾವೇ ಕಟ್ಟಿಕೊಳ್ಳಲಿ! ಎಲ್ಲಾ ನಾನೇ ಮಾಡೋಕಾಗುತ್ತಾ?"

"ಕಟ್ಟಿಕೊಳ್ಳೋಕೆ ಅವು ಬದುಕಿದ್ದರೆ ತಾನೇ!" ಅಂತ ಜೋಳವ್ವ ಬಿಕ್ಕುತ್ತ ಬೆಕ್ಕಿನ ಕಥೆ ಹೇಳಿದಳು.

ಅಜ್ಜಿಯ ಸೂಜಿ ನಿಂತಿತು. "ತಪ್ಪಾಯ್ತು ಮಗಳೇ. ಹೋಗು, ಆ ವಾಸನೆ ತಂದುಕೊಡು. ಬೇಗ ಬಾ. ತಲೆ ಮೆತ್ತಗಿರುವಾಗ ಹಾಕಿದ ಹೊಲಿಗೆ ಬಿಚ್ಚಿಕೊಳ್ಳೋದಿಲ್ಲ."

ಬೆಕ್ಕಿನ ವಾಸನೆ ತರೋದೆಂದರೆ ಹುಡುಗಾಟವೇ? ಕೆನೆಯಕ್ಕ ಗೋಡೆ ಪಕ್ಕ ಬಿಸಿಲು ಕಾಯಿಸುತ್ತ ಮಲಗಿದ್ದಳು. ಅವಳೂ ತುಂಬಿದ ಬಸುರಿ. ಜೋಳವ್ವ ಬಾಲ ಮುದುರಿಕೊಂಡು ಅವಳೆದುರು ನಿಂತಳು.

"ಕೆನೆಯಕ್ಕಾ, ನನಗೊಂದು ಬಯಕೆ. ನಿನ್ನ ಮೈಮೇಲಿನ ಒಂದು ಚಿಟಿಕೆ ಕೂದಲು ಬೇಕು."

ಕೆನೆಯಕ್ಕನ ಬಾಯಲ್ಲಿ ನೀರೂರಿತು. ಆದರೆ ಏನು ಮಾಡುತ್ತಾಳೆ? ಬಸುರಿ ಬಯಸಿ ಕೇಳಿದ್ದನ್ನು ಇಲ್ಲ ಅನ್ನುವ ಹಾಗಿಲ್ಲ, ಬಯಕೆ ಹೊತ್ತು ಬಂದವಳನ್ನು ಮುಟ್ಟುವ ಹಾಗೂ ಇಲ್ಲ. ಲೋಕ ಹೊಸದಾದರೂ ಈ ಪದ್ಧತಿ ಆಗಲೇ ಇತ್ತು.

"ಹುಳಿ ಬೇಕು ಅನ್ನೋರನ್ನ ಕಂಡಿದ್ದೀನಿ, ಮಣ್ಣು ಬೇಕು ಅನ್ನೋರನ್ನೂ ಕಂಡಿದ್ದೀನಿ. ಕೂದಲು ಬೇಕು ಅನ್ನೋಳನ್ನ ಇವತ್ತೇ ನೋಡಿದ್ದು!" ಅಂತ ಕೆನೆಯಕ್ಕ ಕೂದಲು ಕಿತ್ತುಕೊಟ್ಟಳು. ಕುತೂಹಲ ತಡೆಯದೆ ಮೆಲ್ಲಗೆ ಹಿಂದೆಯೇ ಹೊರಟಳು ಕೂಡ.

ಅಜ್ಜಿ ಕೂದಲು ಮೂಸಿದಳು. "ತಲೆಯೊಳಗೆ ಎರಡು ಗಂಟಿವೆ. ಒಂದು 'ಬಾ' ಅನ್ನುತ್ತೆ, ಇನ್ನೊಂದು 'ಬಚ್ಚಿಟ್ಟುಕೋ' ಅನ್ನುತ್ತೆ," ಎನ್ನುತ್ತ ಬೆಕ್ಕಿನ ವಾಸನೆಯ ಎಳೆಯನ್ನು ಎರಡನೇ ಗಂಟಿಗೆ ಬಿಗಿದಳು.

ಜೋಳವ್ವನಿಗೆ ಆಸೆ ಹೆಚ್ಚಿತು. "ಎಲ್ಲ ವಾಸನೆಯನ್ನೂ ಅದಕ್ಕೇ ಕಟ್ಟಿಬಿಡಜ್ಜೀ! ಆಗ ಅಪಾಯವೇ ಇರಲ್ಲ."

"ಹುಚ್ಚೀ! ನಿನ್ನ ಹಾಲಿನ ವಾಸನೆಗೂ ಬಚ್ಚಿಟ್ಟುಕೊಂಡರೆ? ಆಮೇಲೆ ಯಾರ ಹತ್ತಿರ ಹೋಗ್ತವೆ?"

ಅಜ್ಜಿ ಹಾಲಿನ ವಾಸನೆಯನ್ನು 'ಬಾ' ಅನ್ನುವ ಗಂಟಿಗೆ ಕಟ್ಟಿದಳು. ಉಳಿದ ಎಳೆಗಳನ್ನು ಸಡಿಲವಾಗಿಯೇ ಬಿಟ್ಟಳು, ತಿಂದು ತಿರುಗಿ ತಾವೇ ಕಲಿತು ಕಟ್ಟಿಕೊಳ್ಳಲಿ ಅಂತ.

ಮರದ ಹಿಂದಿನಿಂದ ದನಿಯೊಂದು ಕೇಳಿತು. "ಅಜ್ಜೀ, ನನ್ನ ಮರಿಗಳೂ ಕಣ್ಣು ಮುಚ್ಚಿಕೊಂಡೇ ಹುಟ್ಟೋದು. ಹೋದ ಸಲ ಒಂದು ಕೂಸು ಹಾಲು ಎಲ್ಲಿದೆ ಅಂತ ತಿಳಿಯದೆ ನನ್ನ ಪಕ್ಕದಲ್ಲೇ ಹೋಗಿಬಿಡ್ತು." ಕೆನೆಯಕ್ಕ ಅಳುತ್ತಿದ್ದಳು. ಜೋಳವ್ವನ ಕೋಪವೇನೂ ಇಳಿಯಲಿಲ್ಲ, ಆದರೆ ಆ ಅಳುವಿನ ಗುರುತು ಅವಳಿಗೆ ಚೆನ್ನಾಗಿ ಸಿಕ್ಕಿತು. ಅಜ್ಜಿ ಬೆಕ್ಕಿನ ಮರಿಗಳಿಗೂ ಹಾಲಿನ ಹೊಲಿಗೆ ಹಾಕಿದಳು.

ಜೋಳವ್ವ ಹೆತ್ತಳು. ಒಂದು ದಿನ ಕಾಳು ಕಚ್ಚಿಕೊಂಡು ಬರುವಾಗ ಬಿಲದ ಬಾಯಲ್ಲಿ ಅದೇ ವಾಸನೆ! ಓಡಿ ಒಳಗೆ ನೋಡಿದರೆ ಗೂಡು ಖಾಲಿ.

ಅಷ್ಟರಲ್ಲಿ ಮೂಲೆಯ ಹುಲ್ಲು ಅಲುಗಿತು. ಹಾಲಿನ ವಾಸನೆ ಸಿಕ್ಕಿದ್ದೇ ತಡ, ಇನ್ನೂ ಕಣ್ಣು ಬಿಡದ ಮರಿಗಳು ಒಂದೊಂದಾಗಿ ತೆವಳಿ ಬಂದು ಅವ್ವನ ಹೊಟ್ಟೆಗೆ ಮೂಗು ಒತ್ತಿದವು. ಜೋಳವ್ವ ಎಲ್ಲವನ್ನೂ ನೆಕ್ಕಿದಳು, ಮತ್ತೆ ಮತ್ತೆ ನೆಕ್ಕಿದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಬೆಕ್ಕನ್ನೇ ಕಾಣದ ಇಲಿಮರಿ ಅದರ ವಾಸನೆ ಬಂದೊಡನೆ ಮೂಲೆ ಸೇರುತ್ತದೆ, ನಿಮ್ಮ ಅಟ್ಟದ ಮೇಲಿನ ಬೆಕ್ಕಿನ ಮರಿ ಕಣ್ಣು ಬಿಡುವ ಮೊದಲೇ ತಡವರಿಸುತ್ತ ಅಮ್ಮನ ಹಾಲಿಗೆ ಬಂದು ಸೇರುತ್ತದೆ.