ಹನ್ನೊಂದನೆಯ ವರ್ಷ

"ಗುರುಗಳೇ, ಹೊರನಾಡಿನ ವರ್ತಕರು ನಮ್ಮ ನೆಲಕ್ಕೆ ಬಂದು ಬಂಡವಾಳ ಹೂಡಬೇಕಾದರೆ ಅವರಿಗೆ ನಾವು ಏನೇನು ಕೊಡಬೇಕು?"

ಹೀಗೆ ಕೇಳಿದ ಶಿಷ್ಯ ಹಿಂದೆ ಅದೇ ಮಠದಲ್ಲಿ ಓದಿದವನು. ಈಗ ಅರಸನ ವ್ಯಾಪಾರದ ಕಚೇರಿಗೆ ಮುಖ್ಯಸ್ಥನಾಗಿದ್ದ. ವರ್ತಕರಿಗೆ ಕೊಡಬೇಕೆಂದಿದ್ದ ರಿಯಾಯಿತಿಗಳನ್ನೆಲ್ಲ ಒಂದು ಓಲೆಯಲ್ಲಿ ಬರೆದುಕೊಂಡು ಬಂದಿದ್ದ. ಗುರುಗಳು ಓಲೆಯನ್ನು ಕೊನೆಯವರೆಗೂ ಓದಿ, ಮಡಿಸಿ, ಅವನ ಕೈಗೇ ಕೊಟ್ಟು ಹೇಳತೊಡಗಿದರು.

ಕಡಲ ತಡಿಯಲ್ಲಿ ಒಂದು ಬಂದರಿತ್ತು. ಅದಕ್ಕೊಬ್ಬ ಅಧಿಕಾರಿಯಿದ್ದ. ಕೆಟ್ಟವನಲ್ಲ. ಲಂಚ ಮುಟ್ಟಿದವನಲ್ಲ. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದ. ಆ ನಾಡು ಬಡನಾಡು. ಬಂದರಿಗೆ ಹಡಗುಗಳು ಬರುತ್ತಿದ್ದವು, ನೀರು ತುಂಬಿಕೊಂಡು ಹೋಗುತ್ತಿದ್ದವು. ನಿಲ್ಲುತ್ತಿರಲಿಲ್ಲ. ಅಲ್ಲಿನ ಅರಸ ಅಧಿಕಾರಿಗೆ ಹೇಳಿಕಳುಹಿಸಿದ: "ಹೊರಗಿನ ದೊಡ್ಡ ವರ್ತಕನೊಬ್ಬನನ್ನಾದರೂ ಈ ವರ್ಷ ನಮ್ಮಲ್ಲಿ ನೆಲೆ ನಿಲ್ಲಿಸು."

ಅಧಿಕಾರಿ ನಿಷ್ಠೆಯಿಂದ ಕೆಲಸಕ್ಕೆ ಕೂತ. ಹೊರಗಿನಿಂದ ಬಂದವನಿಗೆ ಹತ್ತು ವರ್ಷ ಸುಂಕವಿಲ್ಲ ಎಂದು ಬರೆದ. ಅಳಿವೆಯ ದಂಡೆಯಲ್ಲಿ ನೆಲ ಉಚಿತ ಎಂದು ಬರೆದ. ಸರಕಿಗೆ ಬೇಕಾದ ಮುದ್ರೆ ಕೇಳಿದ ದಿನವೇ ಸಿಗುತ್ತದೆ, ವರ್ತಕ ಕಚೇರಿಗೆ ಬರುವುದೂ ಬೇಡ, ಕಚೇರಿಯೇ ಅವನ ಬಾಗಿಲಿಗೆ ಹೋಗುತ್ತದೆ ಎಂದೂ ಬರೆದ. ಬಂದುಹೋಗುವ ನಾವಿಕರ ಕೈಯಲ್ಲಿ ಈ ಓಲೆಗಳನ್ನು ದೂರದ ಬಂದರುಗಳಿಗೆಲ್ಲ ಕಳುಹಿಸಿದ.

ಮಳೆಗಾಲ ಕಳೆದ ಮೇಲೆ ಒಬ್ಬ ವರ್ತಕ ಬಂದ. ಕಡಲಾಚೆಯವನು. ಹಡಗು ಕಟ್ಟುವ, ರಿಪೇರಿ ಮಾಡುವ ದೊಡ್ಡ ಅಂಗಳವೊಂದನ್ನು ಹಾಕಲು ಜಾಗ ಹುಡುಕುತ್ತಿದ್ದ. ಅವನು ನೆಲೆ ನಿಂತರೆ ಮುನ್ನೂರು ಮನೆಗಳಿಗೆ ಕೆಲಸ. ಅಧಿಕಾರಿ ಬಂದರಿಗೆ ತೋರಣ ಕಟ್ಟಿಸಿದ. ತಾನೇ ಕೊಡೆ ಹಿಡಿದು ಅವನನ್ನು ಹಡಗಿನಿಂದ ಇಳಿಸಿಕೊಂಡ. ಎರಡು ದಿನ ಅಳಿವೆ, ಮರದ ದಾಸ್ತಾನು, ನೀರಿನ ಆಳ ಎಲ್ಲವನ್ನೂ ತೋರಿಸಿದ. ವರ್ತಕನಿಗೆ ಒಪ್ಪಿಗೆಯಾಗಿತ್ತು. ಮೂರನೆಯ ದಿನ ಉಗ್ರಾಣದಲ್ಲಿ ಒಂದು ಹಗ್ಗದ ಸುರುಳಿಯ ಮುಂದೆ ನಿಂತ. ತೆಂಗಿನ ನಾರಿನ ಹಗ್ಗ. ಒಂದು ಎಳೆ ಬಿಡಿಸಿ, ಹೊಸೆದು, ಎಳೆದು ನೋಡಿದ.

"ಇಂಥ ಕೈ ನಾನು ಏಳು ಬಂದರುಗಳಲ್ಲಿ ನೋಡಿಲ್ಲ. ಯಾರು ಮಾಡಿದ್ದು?"

"ಇಲ್ಲಿಯವರೇ ಯಾರೋ ಮಾಡುತ್ತಾರೆ," ಎಂದ ಅಧಿಕಾರಿ.

ಹಗ್ಗ ಚೆನ್ನಾಗಿಲ್ಲದಿದ್ದರೆ ಹಡಗಿಲ್ಲ. ಅದಕ್ಕೆ ವರ್ತಕ ತನ್ನ ದುಭಾಷಿಯನ್ನು ಕರೆದುಕೊಂಡು ತಾನೇ ಹುಡುಕಿಕೊಂಡು ಹೊರಟ. ಕೇಳಿದವರೆಲ್ಲ ಒಂದೇ ಮನೆ ತೋರಿಸಿದರು. ಹಿನ್ನೀರಿನ ಬದಿಯಲ್ಲಿ ಒಬ್ಬ ಹೆಂಗಸು ನೆನೆದ ತೆಂಗಿನ ಸಿಪ್ಪೆಯನ್ನು ಬಡಿಯುತ್ತಿದ್ದಳು. ಗಂಡನಿಲ್ಲ. ಮಗ, ಸೊಸೆ ಅವಳ ಜೊತೆ ಹೊಸೆಯುತ್ತಿದ್ದರು. ಅವಳು ಕೈ ತೊಳೆದು ಬಂದು ಬೆಲ್ಲ ನೀರು ಕೊಟ್ಟಳು.

ಆ ಬಂದರಿನಲ್ಲಿ ಊರಿನವರ ಸರಕು ಹಡಗು ಹತ್ತಬೇಕಾದರೆ ಮೂರು ಮುದ್ರೆ ಬೇಕು. ಸುಂಕದ ಕಟ್ಟೆಯದೊಂದು, ತೂಕದವನದೊಂದು, ಅಧಿಕಾರಿಯದೊಂದು. ಮೊದಲಿನ ಎರಡನ್ನು ಅವಳು ಹೇಗೋ ಹಾಕಿಸಿಕೊಳ್ಳುತ್ತಿದ್ದಳು. ಮೂರನೆಯದಕ್ಕೆ ಕಚೇರಿಯ ಮುಂದಿನ ಹೊಂಗೆ ಮರದಡಿ ಕೂರುತ್ತಿದ್ದಳು. "ಇವತ್ತು ಆಗುವುದಿಲ್ಲ, ಸಂತೆ ಕಳೆದು ಬಾ" ಎಂದು ಒಳಗಿನಿಂದ ಹೇಳಿಕಳುಹಿಸುತ್ತಿದ್ದರು. ಅಷ್ಟರಲ್ಲಿ ಹಡಗು ಹೋಗಿರುತ್ತಿತ್ತು. ಆರು ವರ್ಷ ಹೀಗೇ ನಡೆದಿತ್ತು. ಕೊನೆಗೆ ದಲ್ಲಾಳಿ ಕೇಳಿದ ಬೆಲೆಗೆ ಸಣ್ಣ ಹಗ್ಗವನ್ನೆಲ್ಲ ಅವನಿಗೇ ಕೊಟ್ಟುಬಿಡುತ್ತಿದ್ದಳು. ಲಂಗರಿನ ದೊಡ್ಡ ಹಗ್ಗವನ್ನು ಅವನು ಕೊಳ್ಳುತ್ತಿರಲಿಲ್ಲ.

ಇದನ್ನೆಲ್ಲ ಅವಳು ವರ್ತಕನಿಗೆ ಹೇಳಬಹುದಿತ್ತು.

"ನಿಮ್ಮ ಅಧಿಕಾರಿ ಹೇಗೆ?" ಎಂದು ಕೇಳಿದ ವರ್ತಕ.

"ಧರ್ಮಾತ್ಮರು. ಇನ್ನೊಬ್ಬರ ಒಂದು ಕಾಸು ಮುಟ್ಟಿದವರಲ್ಲ."

"ಹಡಗಿನವರಿಗೆ ನೀನೇ ಯಾಕೆ ಮಾರುವುದಿಲ್ಲ?"

"ನನ್ನ ಕೈಯಲ್ಲಿ ಅಷ್ಟು ಸರಕು ಆಗುವುದಿಲ್ಲ ಸ್ವಾಮಿ."

ವರ್ತಕ ತಲೆಯೆತ್ತಿ ನೋಡಿದ. ಮಾಡಿನ ಕೆಳಗೆ ಲಂಗರಿನ ಹಗ್ಗ ಆಳೆತ್ತರ ಸುತ್ತಿಟ್ಟಿತ್ತು. ಬೂಷ್ಟು ಹಿಡಿದಿತ್ತು. "ಅದೇನು?" ಎಂದ. "ದನ ಕಟ್ಟುವುದಕ್ಕೆ ಇಟ್ಟುಕೊಂಡದ್ದು," ಎಂದಳು ಅವಳು. ವರ್ತಕ ಅತ್ತಿತ್ತ ನೋಡಿದ. ಎದ್ದು ಕೈಮುಗಿದು ಬಂದ.

ಮರುದಿನ ಬೆಳಗ್ಗೆ ಅವನ ಹಡಗು ಹೊರಡಲು ಸಿದ್ಧವಾಯಿತು. ಅಧಿಕಾರಿ ದಕ್ಕೆಗೆ ಓಡಿ ಬಂದ. ವರ್ತಕ ನಿನ್ನೆ ಎಲ್ಲಿಗೆ ಹೋಗಿದ್ದನೆಂದು ಕಾವಲುಗಾರ ಹೇಳಿದ. ಅಧಿಕಾರಿ ತಕ್ಷಣ ಆ ಹೆಂಗಸನ್ನು ಕರೆಸಿದ. ಕೆಲಸದ ಆಸೆಯಿಂದ ಊರಿನ ಜನವೆಲ್ಲ ದಕ್ಕೆಯ ಮೇಲೆ ಸೇರಿತ್ತು. ಅವರೆಲ್ಲರ ಮುಂದೆ ಅವಳನ್ನು ನಿಲ್ಲಿಸಿ ಕೂಗಿದ:

"ಮುನ್ನೂರು ಮನೆಯ ಅನ್ನಕ್ಕೆ ಮಣ್ಣು ಹಾಕಿದೆಯಲ್ಲ! ಏನು ಚಾಡಿ ಹೇಳಿದೆ ಅವನಿಗೆ?"

"ನಾನೇನೂ ಹೇಳಲಿಲ್ಲ ಒಡೆಯ."

"ಹೇಳದೆ ಅವನು ಯಾಕೆ ಹೊರಟ?"

ಜನರೂ ಬೈದರು. ನೆರೆಮನೆಯವನೊಬ್ಬ ಅವಳ ಕಡೆ ಉಗುಳಿದ.

ಹಡಗಿನ ಮೇಲಿದ್ದ ವರ್ತಕ ದುಭಾಷಿಯನ್ನು ಕೇಳಿ ವಿಷಯ ತಿಳಿದುಕೊಂಡ. ಹಲಗೆ ಇಳಿದು ಬಂದು ಅವಳ ಪಕ್ಕದಲ್ಲಿ ನಿಂತ.

"ಅಧಿಕಾರಿಗಳೇ, ಈ ದುಗ್ಗಮ್ಮ ನಿಮ್ಮನ್ನು ಹೊಗಳಿದಳು," ಎಂದ.

ಆರು ವರ್ಷದಲ್ಲಿ ಅವಳ ಹೆಸರು ಅಧಿಕಾರಿಯ ಕಿವಿಗೆ ಬಿದ್ದದ್ದು ಆಗಲೇ.

"ನಿಮ್ಮ ಮಾನ ಉಳಿಸಲು ನನ್ನ ಹತ್ತಿರ ಸುಳ್ಳನ್ನೂ ಹೇಳಿದಳು. ಲಂಗರಿನ ಹಗ್ಗವನ್ನು ದನ ಕಟ್ಟಲು ಇಟ್ಟಿದ್ದೇನೆ ಎಂದಳು. ಅವಳ ಮನೆಯಲ್ಲಿ ದನವಿಲ್ಲ. ನಿಮ್ಮ ಮುದ್ರೆಗಾಗಿ ಅವಳು ಆರು ವರ್ಷ ಕಾದದ್ದನ್ನು ನಾನೇ ಸುಂಕದ ಕಟ್ಟೆಯಲ್ಲಿ ಕೇಳಿ ತಿಳಿದೆ. ನೀವು ನನಗೆ ಹತ್ತು ವರ್ಷ ಎಲ್ಲವನ್ನೂ ಕೊಡುತ್ತೀರಿ, ನಂಬುತ್ತೇನೆ. ಆದರೆ ಹನ್ನೊಂದನೆಯ ವರ್ಷ ನಾನೂ ಇವಳ ಹಾಗೆ ನಿಮ್ಮವನಾಗಿಬಿಡುತ್ತೇನೆ. ಆ ಹೆದರಿಕೆಗೆ ಹೊರಟಿದ್ದೇನೆ."

ವರ್ತಕ ಮತ್ತೆ ಹಲಗೆ ಹತ್ತಿದ. ಬೈದ ಜನ ನೆಲ ನೋಡುತ್ತಿದ್ದರು. ಉಗುಳಿದವನು ಗುಂಪಿನ ಹಿಂದೆ ಸರಿದ. ಹಡಗು ಬಿಟ್ಟಿತು. ಅದು ಮರೆಯಾಗುವವರೆಗೂ ಅಧಿಕಾರಿ ಅಲ್ಲೇ ನಿಂತಿದ್ದ, ತಿರುಗಿದರೆ ಅವಳ ಮುಖ ನೋಡಬೇಕಾಗುತ್ತದೆಂದು. ಹಿಂದಿನಿಂದ ಅವಳೇ ಹೇಳಿದಳು:

"ಬಿಸಿಲು ಜೋರಿದೆ. ಒಳಗೆ ಹೋಗಿ ಒಡೆಯ."

ಅವಳು ಶಪಿಸಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಮುದ್ರೆಯನ್ನು ತಾನೇ ಹಿಡಿದುಕೊಂಡು ಹಿನ್ನೀರಿನ ಬದಿಗೆ ಹೋದ. ಅಂಗಳದಲ್ಲೇ ನಿಂತು, "ತಪ್ಪಾಯಿತು ದುಗ್ಗಮ್ಮ. ಇರುವ ಹಗ್ಗವನ್ನೆಲ್ಲ ಇಳಿಸು, ಇವತ್ತೇ ಮುದ್ರೆ ಹಾಕಿಕೊಡುತ್ತೇನೆ," ಎಂದ.

ಅವಳು ಹಗ್ಗದ ತುದಿ ಎಳೆದು ಎರಡು ಕೈಯಲ್ಲಿ ತಿರುಚಿದಳು. ನಾರು ಪುಡಿಯಾಗಿ ಉದುರಿತು.

"ಇದಕ್ಕೆ ಬೇಡ ಒಡೆಯ. ಇದು ಈಗ ಹಡಗು ತಡೆಯುವುದಿಲ್ಲ. ಇದರ ಮೇಲೆ ಮುದ್ರೆ ಬಿದ್ದರೆ ನಮ್ಮ ಬಂದರಿನ ಹೆಸರು ಹೋಗುತ್ತದೆ."

ಅಧಿಕಾರಿ ಮುದ್ರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿರುಗಿದ. ಅರಸನಿಗೆ ಓಲೆ ಬರೆದ: "ವರ್ತಕ ಬಂದಿದ್ದ. ನನ್ನಿಂದಾಗಿ ಹೋದ." ಕಾರಣವನ್ನೂ ಮುಚ್ಚಿಡದೆ ಬರೆದ. ಅರಸ ಸಿಟ್ಟಾದರೂ ಅವನನ್ನು ಅಲ್ಲೇ ಇರಿಸಿದ. ಮೂರು ಮುದ್ರೆಗಳು ಒಂದಾದವು. ಊರಿನವರಿಗೂ ಕೇಳಿದ ದಿನವೇ ಸಿಗತೊಡಗಿತು. ದುಗ್ಗಮ್ಮನ ಹೊಸ ಹಗ್ಗ ಹಡಗು ಹತ್ತಿತು. ಕಡಲಾಚೆಯ ವರ್ತಕ ಮಾತ್ರ ಮತ್ತೆ ಬರಲಿಲ್ಲ. ಇನ್ನೊಂದು ಬಂದರಿನಲ್ಲಿ ಅಂಗಳ ಹಾಕಿದನಂತೆ.

ದುಗ್ಗಮ್ಮ ಕಚೇರಿಗೆ ಬಂದಾಗಲೆಲ್ಲ ಅಧಿಕಾರಿ ಪೀಠದಿಂದ ಎದ್ದು ನಿಲ್ಲುತ್ತಿದ್ದ. ಅವಳು ಹೊರಡುವವರೆಗೂ ಕೂರುತ್ತಿರಲಿಲ್ಲ. ಅದರಿಂದ ಅವಳಿಗೇ ನಾಚಿಕೆಯಾಗತೊಡಗಿತು. ಕೊನೆಕೊನೆಗೆ ಅವಳು ಬರುವುದನ್ನು ಬಿಟ್ಟು ಸೊಸೆಯನ್ನು ಕಳುಹಿಸುತ್ತಿದ್ದಳು. ಅಧಿಕಾರಿ ಸೊಸೆಗೂ ಎದ್ದು ನಿಲ್ಲುತ್ತಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಓಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ:

"ಹಾಗಾದರೆ ಹೊರಗಿನವರಿಗೆ ರಿಯಾಯಿತಿ ಕೊಡುವುದೇ ತಪ್ಪೇ, ಗುರುಗಳೇ?"

"ನೀನು ಇಲ್ಲಿಗೆ ಬಂದು ಮೂರು ದಿನವಾಯಿತು," ಎಂದರು ಗುರುಗಳು, "ನಿನ್ನ ಕಚೇರಿಯ ಬಾಗಿಲಲ್ಲಿ ಈಗ ಯಾರು ಕಾಯುತ್ತಿದ್ದಾರೆ?"

ಅವರಲ್ಲಿ ಒಬ್ಬರ ಹೆಸರೂ ಶಿಷ್ಯನಿಗೆ ಗೊತ್ತಿರಲಿಲ್ಲ.