ಸೊಂಡಿಲೆತ್ತದ ಆನೆ

ಕಾಡಿನ ಒಡತಿಯಾಗಿದ್ದ ಹೆಣ್ಣಾನೆ ದಿನವೂ ಬೆಳಗ್ಗೆ ಸೊಂಡಿಲೆತ್ತಿ ಸೂರ್ಯನಿಗೆ ನಮಸ್ಕರಿಸಿಯೇ ನೀರು ಮುಟ್ಟುತ್ತಿತ್ತು. ಆ ಬೇಸಿಗೆಯಲ್ಲಿ ಕಾಡಿಗೆಲ್ಲ ಒಂದೇ ಕೊಳ ಉಳಿಯಿತು. ಒಂದು ಮುಂಜಾನೆ ಆನೆ ಅಲ್ಲಿಗೆ ಬಂದಾಗ, ಮಂತ್ರಿಯಾಗಿದ್ದ ನವಿಲು ದಡದ ಸುತ್ತ ಮುಳ್ಳಿನ ಬೇಲಿ ಹಾಕಿಸಿ ನಿಂತಿತ್ತು. ಬೇಲಿಯ ಹೊರಗೆ ಮುಳ್ಳುಹಂದಿಯೊಂದು ಬಾಯಾರಿದ ಮರಿಗಳೊಂದಿಗೆ ಕಾದಿತ್ತು.

"ಒಡತಿ, ಸೂರ್ಯನಿಗೆ ನಮಸ್ಕರಿಸಿದವರಿಗೆ ಮಾತ್ರ ನೀರು ಎಂದು ಸಭೆ ತೀರ್ಮಾನಿಸಿದೆ. ಮೊದಲ ನಮಸ್ಕಾರ ತಮ್ಮದಾಗಲಿ," ಎಂದಿತು ನವಿಲು.

"ನಾವು ಮಣ್ಣಿಗೆ ನಮಿಸುವವರು, ತಾಯಿ," ಎಂದಿತು ಮುಳ್ಳುಹಂದಿ.

ಆನೆಗೂ ಗಂಟಲು ಒಣಗಿತ್ತು. ಸೂರ್ಯ ಮೂಡಿದ. ಅಭ್ಯಾಸಬಲದಿಂದ ಸೊಂಡಿಲು ಅರ್ಧ ಎದ್ದಿತು. ಆನೆ ಅದನ್ನು ತಡೆದು ಕೆಳಗಿಳಿಸಿತು.

"ಇದೇನು! ತಮಗೂ ಭಕ್ತಿ ಹೋಯಿತೇ?" ಎಂದಿತು ನವಿಲು.

"ಭಕ್ತಿ ಇರುವುದರಿಂದಲೇ ಎತ್ತುತ್ತಿಲ್ಲ. ಬಾಯಾರಿದವರನ್ನು ಓಡಿಸಬೇಡ ಎಂದು ನನಗೆ ಕಲಿಸಿದ್ದೇ ಅದು. ಇವತ್ತು ನಾನು ಸೊಂಡಿಲೆತ್ತಿದರೆ ಅದು ಸೂರ್ಯನಿಗಲ್ಲ, ನಿನ್ನ ಬೇಲಿಗೆ ಮಾಡಿದ ನಮಸ್ಕಾರ."

"ಹಾಗಾದರೆ ಸಭೆ ತಮ್ಮನ್ನು ಪಟ್ಟದಿಂದ ಇಳಿಸುತ್ತದೆ."

"ಇಳಿಸಲಿ. ಅಲ್ಲಿಯವರೆಗೆ ಈ ಕೊಳವನ್ನು ಕಾಯುವುದು ನನ್ನ ಕೆಲಸ."

ಆನೆ ಮುಂದೆ ಬಂದು ಬೇಲಿಯನ್ನು ತುಳಿಯತೊಡಗಿತು. ಮುಳ್ಳು ಪಾದಕ್ಕೆ ನೆಟ್ಟರೂ ನಿಲ್ಲಲಿಲ್ಲ. ದಾರಿಯಾದ ಕೂಡಲೇ ಮರಿಗಳು ಒಳಗೆ ನುಗ್ಗಿ ನೀರಿಗೆ ಬಾಯಿಟ್ಟವು.

ಮಧ್ಯಾಹ್ನ ಸಭೆ ಸೇರಿ ಆನೆಯನ್ನು ಪಟ್ಟದಿಂದ ಇಳಿಸಿತು. ಆದರೆ ಬೇಲಿಯನ್ನು ಮತ್ತೆ ಕಟ್ಟೋಣ ಬನ್ನಿ ಎಂದು ನವಿಲು ಕರೆದಾಗ, ಮುಳ್ಳು ಹೊತ್ತು ತರಲು ಸಭೆಯಿಂದ ಒಂದು ಪ್ರಾಣಿಯೂ ಏಳಲಿಲ್ಲ.