ಬಾಚಣಿಗೆಯ ಬಮ್ಮೋಜನ ಚದುರಂಗ

“ಕೇಳಿರಯ್ಯಾ, ಕೇಳಿ! ಚದುರಂಗದಲ್ಲಿ ಸೋಲನ್ನೇ ಕಾಣದ ರಾಜಕುಮಾರಿ ಚಾಗಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನೊಡನೆ ಅವಳ ಮದುವೆ. ಒಂದು ತಪ್ಪಿದರೂ ತಲೆದಂಡ!”

ಕುಂಕಲದುರ್ಗದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದಾಗ, ಮರದ ಬಾಚಣಿಗೆ ಮಾಡಿ ಮಾರುತ್ತಿದ್ದ ಬಮ್ಮೋಜ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಅವನು ಆಟ ಕಲಿತು ಎರಡೇ ವರ್ಷ. ಅರಮನೆಯ ಪಂದ್ಯಕ್ಕೆ ಎರಡು ಸಲ ಹೋಗಿ, ಎರಡು ಸಲವೂ ಮೊದಲ ಆಟದಲ್ಲೇ ಸೋತು ಬಂದಿದ್ದ. ಆದರೆ ಅಲ್ಲಿ ಚಾಗಲೆ ಆಡುವುದನ್ನು ಕಂಡಂದಿನಿಂದ ಅವನ ಮನಸ್ಸು ಅವನ ಹತ್ತಿರ ಇರಲಿಲ್ಲ. ತಲೆದಂಡದ ಮಾತು ಕೇಳಿಯೂ ಹೊರಟೇಬಿಟ್ಟ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಸೋತವನ ಮನೆಗೆ ಮಾತ್ರ ಬಂದು ಪಾಠ ಹೇಳುವ ಗುರು ಯಾರೆಂದು ಚಾಗಲೆ ಕೇಳಿದಳು. ನೆರೆನಾಡಿನ ಅರಸುಮಗ ದುಃಖವೆಂದ. ತಲೆದಂಡದ ತನಕ ಇರಲೆಂದು ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಬೆವರುತ್ತಿದ್ದ ಸಾಮಂತನೊಬ್ಬ ವೈರಿಯೆಂದ. ಅವನೂ ಹೋದ.

“ಸೋತ ಆಟವೇ ಆ ಗುರು,” ಎಂದ ಬಮ್ಮೋಜ. ಸೋತು ಬಂದ ದಿನ ಆ ಆಟವನ್ನು ಮೊದಲಿನಿಂದ ಮತ್ತೆ ಆಡಿ, ಎಡವಿದ ನಡೆ ಸಿಗುವ ತನಕ ಊಟಕ್ಕೆ ಕೂರುವುದಿಲ್ಲವೆಂದು ವಿವರಿಸಿದ. ಸಭೆ ಗುಜುಗುಜು ಎಂದಿತು.

ನಮ್ಮ ಪಡೆಯಲ್ಲೇ ಇದ್ದು ನಮ್ಮ ರಾಜನನ್ನು ಕೊಲ್ಲಿಸುವ ದ್ರೋಹಿ ಯಾರೆಂದು ಎರಡನೆಯ ಒಗಟು. ಮಂತ್ರಿಯೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬಮ್ಮೋಜ ತಡೆದುಕೊಂಡು, ಆಟಗಾರನ ಅವಸರದ ಕೈ ಎಂದ. ಅದನ್ನು ತೊಡೆಯಡಿ ಅದುಮಿಟ್ಟು, ಎದುರಾಳಿ ಯಾಕೆ ಹಾಗೆ ನಡೆಸಿದನೆಂದು ತಿಳಿದ ಮೇಲೆಯೇ ಎತ್ತುತ್ತೇನೆಂದ.

ಚಾಗಲೆ ಮುಂದಕ್ಕೆ ಬಾಗಿದಳು. “ಮನೆ ತುಂಬಾ ಜನವಿದ್ದಾಗ ಮೂಲೆಯಲ್ಲಿ ಅಡಗುತ್ತಾನೆ, ಮನೆ ಬರಿದಾದ ಮೇಲೆ ಶೂರನಾಗುತ್ತಾನೆ. ಯಾರವನು?”

ಉತ್ತರ ತಟ್ಟನೆ ಹೊಳೆಯಿತು. ಹೊಳೆದದ್ದೇ ಸಿಂಹಾಸನದತ್ತ ಒಮ್ಮೆ ನೋಡಿದ.

“ರಾಜ,” ಎಂದ.

ಸಿಂಹಾಸನದಲ್ಲಿದ್ದ ಮಾರಮಲ್ಲ ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. “ಯಾರನ್ನೋ ಹೇಡಿ ಅನ್ನುವುದು?”

“ಚದುರಂಗದ ರಾಜನ ಮಾತು, ಬುದ್ಧಿ. ಮೊದಲು ನನ್ನ ಹತ್ತಿರ ಇದ್ದದ್ದೇ ಎರಡು ರಾಜ, ಒಂದು ಕಾಲಾಳು. ಅಷ್ಟನ್ನೇ ಕೆತ್ತಿಕೊಂಡಿದ್ದೆ. ದಿನಾ ಬೆಳಿಗ್ಗೆ ಅಷ್ಟರಲ್ಲೇ ಆಡಿದೆ. ಹಲಗೆ ತುಂಬಾ ಕಾಯಿಗಳಿದ್ದಾಗ ರಾಜ ಮೂಲೆಯಲ್ಲಿರುತ್ತಾನೆ, ಆದರೆ ಆಟದ ಕೊನೆಯಲ್ಲಿ ಆ ಕಾಲಾಳಿನ ಕೈ ಹಿಡಿದು ದಡ ಸೇರಿಸುವವನು ರಾಜನೇ.”

ಚಾಗಲೆ ಎದ್ದು ನಿಂತಳು. “ಅಪ್ಪಾಜಿ, ಮೂರೂ ಸರಿ.”

ದೊರೆ ಕತ್ತಿಯಿಂದ ಕೈ ತೆಗೆದು ನಕ್ಕುಬಿಟ್ಟ, ಇನ್ನೇನು ಬೇಕು ಕೇಳು ಎಂದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟುಬಿಡಬೇಕೆಂದು ಬಮ್ಮೋಜ ಬೇಡಿಕೊಂಡ.

“ಸೋತವರು ಕಲಿಯಬೇಕಾದರೆ ತಲೆ ಇರಬೇಕಲ್ಲ, ಬುದ್ಧಿ.”

ಬರುವ ಹುಣ್ಣಿಮೆಗೆ ಮದುವೆಯಾಯಿತು. ಬಮ್ಮೋಜನೂ ಚಾಗಲೆಯೂ ಅರಮನೆಯಲ್ಲೇ ಚದುರಂಗದ ಸಾಲೆ ತೆರೆದರು. ಮೊದಲ ದಿನ ಬಂದವರಲ್ಲಿ, ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು ತನ್ನ ಸರದಿ ಕಾಯುತ್ತಿದ್ದವನು ಮಾರಮಲ್ಲ ದೊರೆ.